ನಾಣ್ಯ ಖೋಟಾ ಇರಬಹುದು, ಮಾರಿದವರು ಕಳ್ಳರೇ?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು. ಎಂಟು ವರ್ಷದಿಂದ ಹಳೆ ನಾಣ್ಯ ಕೂಡಿಡುತ್ತಿದ್ದೇನೆ. ಮೂರು ತಿಂಗಳ ಹಿಂದೆ ಬೆಳಗಾವಿಯ ಹಿರಿಯ ಸಂಗ್ರಾಹಕರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ 1939ರ ಬೆಳ್ಳಿ ರೂಪಾಯಿಯ ಫೋಟೋ ಹಾಕಿದ್ದರು. "1939, ಒರಿಜಿನಲ್" ಅಂತ ಬರೆದಿದ್ದರು. 34 ಸಾವಿರ ಕೊಟ್ಟು ತರಿಸಿಕೊಂಡೆ. ನಮ್ಮ ಪತ್ತಾರರು ಒರೆಗೆ ಹಚ್ಚಿ, ತೂಗಿ "ಬೆಳ್ಳಿ ಚೊಲೋ ಐತ್ರಿ, ತೂಕಾನೂ ಬರೋಬ್ಬರಿ ಐತಿ" ಅಂದರು. ಹೋದ ತಿಂಗಳು ಮಗಳ ಕಾಲೇಜ್ ಫೀಗೆ ಅಂತ ಅದನ್ನು ವಿಜಯಪುರದ ಒಬ್ಬರಿಗೆ ಮಾರಲು ಹೋದೆ. ಅವರು ಭೂತಗನ್ನಡಿ ಹಿಡಿದು ನೋಡಿ "ಇದರ ಕೊನೆಯ 9 ಮೊದಲು 8 ಇತ್ತು, ತಿದ್ದಿದ್ದಾರೆ" ಅಂದು ವಾಪಸ್ ಕೊಟ್ಟರು. ಬೆಳಗಾವಿಯವರಿಗೆ ಫೋನ್ ಮಾಡಿದರೆ "ನನಗೆ ಬಂದ ಹಾಗೇ ಕೊಟ್ಟೇನಿ. ಎರಡು ತಿಂಗಳಾದ ಮ್ಯಾಲೆ ವಾಪಸ್ ಹೆಂಗ ತಗೊಳ್ಳಿ?" ಅಂದರು. ಅವರ ಹೆಸರು, ಫೋಟೋ, ನಂಬರ್ ಹಾಕಿ "ಈ ಕಳ್ಳನಿಂದ ದೂರ ಇರಿ" ಅಂತ ಒಂದು ಮೆಸೇಜ್ ಬರೆದಿಟ್ಟಿದ್ದೇನೆ. ಐದು ಗುಂಪುಗಳಿಗೆ ಕಳಿಸಬೇಕು ಅಂತಿದ್ದೇನೆ. ಇನ್ನೂ ಕಳಿಸಿಲ್ಲ. ಕಳಿಸಲಾ?

ಉತ್ತರ: ಕಳಿಸಬೇಡಿ. ಈಗಂತೂ ಬೇಡ.

34 ಸಾವಿರ ಸಣ್ಣ ದುಡ್ಡಲ್ಲ. ಅದೂ ಮಗಳ ಫೀ ಕಟ್ಟುವ ಹೊತ್ತಿನಲ್ಲಿ ಹೀಗಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನಿಮ್ಮ ಸಿಟ್ಟನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ಮಾತು ಒಂದಕ್ಕೊಂದು ಗಂಟು ಬಿದ್ದಿವೆ. ನಾಣ್ಯ ಖೋಟಾ ಅನ್ನುವುದು ಒಂದು ಮಾತು. ಮಾರಿದವರು ಖೋಟಾ ಅನ್ನುವುದು ಬೇರೆ ಮಾತು. ಮೊದಲನೆಯದೇ ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ, ನೀವು ಎರಡನೆಯದಕ್ಕೆ ಶಿಕ್ಷೆ ಕೊಡಲು ಹೊರಟಿದ್ದೀರಿ.

ಮೊದಲು ನಾಣ್ಯ ನೋಡೋಣ.

ಆರನೇ ಜಾರ್ಜ್ ದೊರೆಯ 1938 ಮತ್ತು 1939ರ ರೂಪಾಯಿಗಳು ಒಂದೇ ಲೋಹ, ಒಂದೇ ತೂಕ, ಒಂದೇ ಅಳತೆ. ತೂಕ 11.66 ಗ್ರಾಂ, ಅಂದರೆ ನಮ್ಮ ಹಿರಿಯರು ಹೇಳುವ ಒಂದು ತೊಲೆ. ಬೆಳ್ಳಿ ನೂರಕ್ಕೆ 91.7. ಯುದ್ಧ ಶುರುವಾದ ಮೇಲೆ, 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಹಾಗಾಗಿ 1939 ಅಂದರೆ ಆ ಒಳ್ಳೆ ಬೆಳ್ಳಿಯ ಕೊನೆಯ ರೂಪಾಯಿ. ಉಳಿದಿರುವುದು ಬಹಳ ಕಡಿಮೆ. ಅದಕ್ಕೇ ಆ ಬೆಲೆ. 1938ರದು ಹಾಗಲ್ಲ, ಬೇಕಾದಷ್ಟು ಸಿಗುತ್ತದೆ. 8ರ ಕೆಳಗಿನ ಸುತ್ತಿನ ಎಡಭಾಗ ಕೆರೆದು ತೆಗೆದರೆ 9 ಆಗುತ್ತದೆ. ಇಷ್ಟು ಕೆಲಸಕ್ಕೆ ಹತ್ತಾರು ಸಾವಿರ ಸಿಗುತ್ತದೆ ಅಂದಾಗ ಮಾಡುವವರು ಇದ್ದೇ ಇರುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ತಿದ್ದಿದ ನಾಣ್ಯ ನಿಜವಾದ ಸರಕಾರಿ ನಾಣ್ಯವೇ. ಟಂಕಸಾಲೆಯಲ್ಲಿ ಅಚ್ಚಾದದ್ದೇ. ಆದ್ದರಿಂದ ಬೆಳ್ಳಿ ಸರಿ ಇರುತ್ತದೆ, ತೂಕ ಸರಿ ಇರುತ್ತದೆ, ಅಂಚು ಸರಿ ಇರುತ್ತದೆ. ನಿಮ್ಮ ಪತ್ತಾರರು ಹೇಳಿದ್ದು ಸುಳ್ಳಲ್ಲ. ಅವರನ್ನು ನೀವು ಕೇಳಿದ್ದು ಬೆಳ್ಳಿ ಹೇಗಿದೆ ಅಂತ, ಅವರು ಅದಕ್ಕೆ ಉತ್ತರ ಕೊಟ್ಟರು. ವರ್ಷದ ಬಗ್ಗೆ ಒರೆಗಲ್ಲು ಏನೂ ಹೇಳುವುದಿಲ್ಲ. (ಇನ್ನು ಮುಂದೆ ದಯವಿಟ್ಟು ಸಂಗ್ರಹದ ನಾಣ್ಯವನ್ನು ಒರೆಗೆ ಹಚ್ಚಿಸಬೇಡಿ. ಉಜ್ಜಿದ ಗುರುತು ಹೋಗುವುದಿಲ್ಲ, ಬೆಲೆ ಮಾತ್ರ ಹೋಗುತ್ತದೆ. ಲೋಹದ ಬಗ್ಗೆ ಸಂಶಯ ಇದ್ದರೆ ನೀರು ಸಾಕು. ಗ್ರಾಂನ ನೂರನೇ ಭಾಗದವರೆಗೆ ತೂಕ ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದ ಹಾಗೆ ಪೂರ್ತಿ ಮುಳುಗಿಸಿ. ಈ ರೂಪಾಯಿ ಆದರೆ 1.13 ಗ್ರಾಂ ಆಸುಪಾಸು ತೋರಿಸಬೇಕು. ಹಿತ್ತಾಳೆಯಂಥ ಲೋಹಕ್ಕೆ ಬೆಳ್ಳಿ ಬಳಿದಿದ್ದರೆ 1.35 ದಾಟುತ್ತದೆ.)

ಹಾಗಾದರೆ ವರ್ಷ ಹೇಗೆ ನೋಡುವುದು? ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ತೆಗೆದುಕೊಳ್ಳಿ. ಬೆಳಿಗ್ಗೆ ಕಿಟಕಿ ಪಕ್ಕ ಕೂತು, ಬೆಳಕು ಓರೆಯಾಗಿ ಬೀಳುವ ಹಾಗೆ ನಾಣ್ಯ ಹಿಡಿಯಿರಿ. 1939ರಲ್ಲಿ ಎರಡು 9 ಇವೆ ಅಲ್ವಾ? ನಿಮಗೆ ಬೇಕಾದ ಸಾಕ್ಷಿ ಅಲ್ಲೇ ಪಕ್ಕದಲ್ಲಿದೆ. ಎರಡನ್ನೂ ಹೋಲಿಸಿ. ಮೊದಲ 9ರ ಬಾಲ ಎಷ್ಟು ದಪ್ಪ, ಎಲ್ಲಿ ತಿರುಗುತ್ತದೆ, ತುದಿ ಹೇಗೆ ಮುಗಿಯುತ್ತದೆ ನೋಡಿ. ಆಮೇಲೆ ಕೊನೆಯ 9 ನೋಡಿ. ತಿದ್ದಿದ್ದಾದರೆ ಬಾಲದ ತುದಿ ಮೊಂಡಾಗಿರುತ್ತದೆ, ಇಲ್ಲವೇ ಥಟ್ಟನೆ ತುಂಡಾದ ಹಾಗೆ ಇರುತ್ತದೆ. ಎಡಗಡೆ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಓಡಿರುತ್ತವೆ. ಅಷ್ಟು ಜಾಗ ಮಾತ್ರ ಸುತ್ತಲಿನ ಬೆಳ್ಳಿಗಿಂತ ಬೇರೆ ಬಣ್ಣ ಇರುತ್ತದೆ. ಎಂಬತ್ತು ವರ್ಷದ ಕಪ್ಪನ್ನು ಒಂದು ಚುಕ್ಕೆಯಷ್ಟು ಜಾಗಕ್ಕೆ ಮತ್ತೆ ಸರಿಯಾಗಿ ಹಚ್ಚುವುದು ಸುಲಭವಲ್ಲ. ಕೆಲವರು ಬೇರೆ ನಾಣ್ಯದ 9 ಕತ್ತರಿಸಿ ಅಂಟಿಸುತ್ತಾರೆ. ಅಲ್ಲಿ ಅಂಕೆಯ ಸುತ್ತ ಸಣ್ಣ ಗೆರೆ ಕಾಣುತ್ತದೆ.

ನೋಡಿದ್ದನ್ನು ಫೋಟೋ ತೆಗೆಯಿರಿ. ಆಮೇಲೆ ಇನ್ನೊಬ್ಬ ಬಲ್ಲವರಿಗೆ ತೋರಿಸಿ. ವಿಜಯಪುರದವರು ಹೇಳಿದ್ದು ಸರಿ ಇರುವ ಸಾಧ್ಯತೆಯೇ ಜಾಸ್ತಿ, ಆದರೆ ಅವರು ಕೊಳ್ಳಲು ಬಂದವರು. ವ್ಯವಹಾರದಲ್ಲಿ ಇಲ್ಲದ ಒಬ್ಬರು, ನಿಮ್ಮ ಸಿಟ್ಟಿನ ಕಥೆ ಕೇಳದೆ, ಬರೀ ನಾಣ್ಯ ನೋಡಿ ಹೇಳಬೇಕು. "ಇದು ಖೋಟಾ ಹೌದಲ್ರಿ?" ಅಂತ ಕೇಳಿದರೆ ಹೌದು ಅನ್ನಿಸಿಕೊಳ್ಳುವುದು ಸುಲಭ. ಸುಮ್ನೆ ಕೈಗೆ ಕೊಟ್ಟು "ಏನನ್ನಿಸುತ್ತದೆ?" ಅಂತ ಕೇಳಿ.

ಈಗ ಮನುಷ್ಯರ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತ ಜಾಗ ಒಂದಿದೆ. ಹೋದ ತಿಂಗಳು ನೀವು ಇದೇ ನಾಣ್ಯವನ್ನು "1939" ಅಂತ ಹೇಳಿ ವಿಜಯಪುರಕ್ಕೆ ಒಯ್ದಿರಿ. ಬೆಲೆ ಹೇಳಿದಿರಿ. ನಿಮಗೆ ಗೊತ್ತಿರಲಿಲ್ಲ, ಪತ್ತಾರರು ಸರಿ ಅಂದಿದ್ದರು, ನಂಬಿದ್ದಿರಿ. ಅವರು ಭೂತಗನ್ನಡಿ ತೆಗೆಯದೇ ದುಡ್ಡು ಕೊಟ್ಟಿದ್ದರೆ? ಮೂರು ತಿಂಗಳ ಮೇಲೆ ನಿಮ್ಮ ಫೋಟೋ, ನಂಬರ್ ಹಾಕಿ "ನವನಗರದ ಈ ಕಳ್ಳನಿಂದ ದೂರ ಇರಿ" ಅಂತ ಅವರು ಬರೆದಿದ್ದರೆ? ಅವರು ಹಾಗೆ ಮಾಡಲಿಲ್ಲ. ತಿದ್ದಿದ್ದಾರೆ ಅಂದರು, ಯಾರು ಅಂತ ಹೇಳಲಿಲ್ಲ. ನೀವು ತಿದ್ದಿದ್ದೀರಿ ಅನ್ನಲಿಲ್ಲ. ನಾಣ್ಯ ವಾಪಸ್ ಕೊಟ್ಟರು. ಬೆಳಗಾವಿಯವರೂ ಅವತ್ತಿನ ನಿಮ್ಮ ಜಾಗದಲ್ಲೇ ಇದ್ದಿರಬಹುದು. ಇಲ್ಲದೆಯೂ ಇರಬಹುದು. ಅದನ್ನು ತಿಳಿದುಕೊಳ್ಳಲು ನೀವು ಇನ್ನೂ ಒಂದು ಫೋನ್ ಬಿಟ್ಟು ಬೇರೇನೂ ಮಾಡಿಲ್ಲ.

ನಮ್ಮ ಕಡೆ ಇಂಥ ವಸ್ತುಗಳು ಬಹಳ ಇವೆ. ಪುತಳಿ ಸರ ನೋಡಿರುತ್ತೀರಿ, ನಿಮ್ಮ ಮನೆಯಲ್ಲೂ ಇದ್ದಿರಬಹುದು. ಪುತಳಿಯ ಮೂಲ ಇಟಲಿಯ ವೆನಿಸ್ ನಗರದ ಚಿನ್ನದ ನಾಣ್ಯ. ವ್ಯಾಪಾರದ ಹಾದಿಯಲ್ಲಿ ಇಲ್ಲಿಗೆ ಬಂತು, ಹೆಣ್ಣುಮಕ್ಕಳ ಕೊರಳಿಗೆ ಏರಿತು. ಬೇಡಿಕೆ ಹೆಚ್ಚಾದಾಗ ನಮ್ಮ ದೇಶದ ಕುಶಲಕರ್ಮಿಗಳೇ ಅದೇ ಚಿತ್ರ ನೋಡಿಕೊಂಡು ಪುತಳಿ ಮಾಡಿದರು. ಅದರ ಮೇಲಿನ ಅಕ್ಷರಗಳಿಗೆ ಅರ್ಥವೇ ಇರುವುದಿಲ್ಲ. ಅವರು ಯಾರಿಗೂ ಮೋಸ ಮಾಡಲಿಲ್ಲ, ಆಭರಣ ಮಾಡಿದರು. ಇವತ್ತು ಮೊಮ್ಮಗ ಅಜ್ಜಿಯ ಸರ ಬಿಚ್ಚಿ "ವೆನಿಸ್ ನಾಣ್ಯ" ಅಂತ ಫೋಟೋ ಹಾಕುತ್ತಾನೆ. ಅವನು ಹೇಳಿದ್ದು ತಪ್ಪು. ಆದರೆ ಅವನು ಕಳ್ಳ ಅಲ್ಲ. ರಾಮಟಂಕೆಗಳೂ ಹಾಗೇ. ದೇವರ ಮನೆಯಲ್ಲಿಡಲು ಮಾಡಿದ ಬಿಲ್ಲೆಗಳು ಅವು. ಇನ್ನು 1818 ಅಂತ ಬರೆದ, ರಾಮ ಸೀತೆ ಹನುಮಂತರ ಚಿತ್ರದ "ಈಸ್ಟ್ ಇಂಡಿಯಾ ಕಂಪನಿ" ತಾಮ್ರದ ಬಿಲ್ಲೆಗೆ ಲಕ್ಷಗಟ್ಟಲೆ ಬೆಲೆ ಹೇಳುತ್ತಾರಲ್ಲ, ಅಂಥ ನಾಣ್ಯವನ್ನು ಕಂಪನಿ ಹೊರಡಿಸಿಯೇ ಇಲ್ಲ. ಅದನ್ನು ಮಾರುವವರಲ್ಲಿ ನಂಬಿ ಮಾರುವವರೂ ಇದ್ದಾರೆ, ಗೊತ್ತಿದ್ದೇ ಮಾರುವವರೂ ಇದ್ದಾರೆ. ಬಿಲ್ಲೆ ನೋಡಿದರೆ ಯಾರು ಯಾವ ಥರ ಅಂತ ತಿಳಿಯುವುದಿಲ್ಲ.

ಇದನ್ನು ನಾನು ಕಲಿತದ್ದು ಒಬ್ಬರ ಮನಸ್ಸು ನೋಯಿಸಿ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಬೆಳಗಾವಿಯಲ್ಲಿ ಒಂದು ಅಂಚೆಚೀಟಿ, ನಾಣ್ಯ ಪ್ರದರ್ಶನ. ಒಬ್ಬ ಹಿರಿಯರು ತಗಡಿನ ಡಬ್ಬಿಯಲ್ಲಿ ಅರಳೆ ಹಾಕಿ, ಅದರ ಮೇಲೆ ಒಂದು ಲಾರಿ ಇಟ್ಟುಕೊಂಡು ಕೂತಿದ್ದರು. ಲಾರಿ ಅಂದರೆ ಬೆಳ್ಳಿ ತಂತಿಯನ್ನು ಹೆಣ್ಣುಮಕ್ಕಳ ಹೇರ್‌ಪಿನ್ ಥರ ಮಡಚಿ ಅಚ್ಚು ಹೊಡೆದ ನಾಣ್ಯ. ವಿಜಯಪುರದ ಎರಡನೇ ಅಲಿ ಆದಿಲ್ ಶಾಹ್ ಕಾಲದ್ದು, 1660ರ ಆಸುಪಾಸಿನದು. ಕೊಂಕಣದ ಬಂದರು ವ್ಯಾಪಾರಕ್ಕೆ ಓಡುತ್ತಿದ್ದ ನಾಣ್ಯ. ನಾನು ಆಗ ನಾಲ್ಕು ಪುಸ್ತಕ ಓದಿದ್ದೆ. ತಂತಿಯ ಮೇಲೆ ಪೂರ್ತಿ ಸಾಲು ಇರಲಿಲ್ಲ, ಅಕ್ಷರಗಳ ತುಂಡು ಮಾತ್ರ ಇತ್ತು. "ಇದು ಹೊಸದಾಗಿ ಮಾಡಿದ್ದು, ಅಕ್ಷರವೇ ಕೂತಿಲ್ಲ" ಅಂತ ನನ್ನ ಜೊತೆಗಿದ್ದ ಮೂವರಿಗೆ ಹೇಳಿದೆ. ಜೋರಾಗಿಯೇ ಹೇಳಿದೆ. ಹಿರಿಯರು ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಅರಳೆಯನ್ನು ಲಾರಿಯ ಮೇಲೆ ಮಡಚಿ ಮುಚ್ಚಳ ಹಾಕಿದರು. ಸಂಜೆಯವರೆಗೆ ಡಬ್ಬಿ ತೆಗೆಯಲಿಲ್ಲ.

ಆಮೇಲೆ ಗೊತ್ತಾಯಿತು. ಲಾರಿಯ ಅಚ್ಚು ತಂತಿಗಿಂತ ಅಗಲ. ಹೊಡೆದಾಗ ಸಾಲಿನ ಒಂದು ಪಟ್ಟಿ ಮಾತ್ರ ತಂತಿಯ ಮೇಲೆ ಬೀಳುತ್ತದೆ. ಅಕ್ಷರ ತುಂಡಾಗಿರುವುದು ಅದರ ಸಹಜ ಗುಣ. ನಾನು ಯಾವುದನ್ನು ಖೋಟಾದ ಗುರುತು ಅಂದೆನೋ ಅದು ತಪ್ಪೇ ಅಲ್ಲ. ಮುಂದಿನ ವರ್ಷ ಶಹಾಪುರದ ಅವರ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. "ಬರ್ರಿ, ಚಾ ಕುಡೀರಿ" ಅಂದರು. ಚಹಾ ಕೊಟ್ಟರು, ಒಳ್ಳೆಯ ಮಾತೇ ಆಡಿದರು. ಆದರೆ ಆ ಡಬ್ಬಿ ಮತ್ತೆ ಯಾವ ಪ್ರದರ್ಶನಕ್ಕೂ ಬರಲಿಲ್ಲ. ಆವತ್ತು ನನ್ನ ಮಾತು ಕೇಳಿದ್ದು ಮೂರೇ ಜನ. ನೀವು ಕಳಿಸಬೇಕು ಅಂದುಕೊಂಡಿರುವುದು ಐದು ಗುಂಪಿಗೆ, ಸಾವಿರಾರು ಜನಕ್ಕೆ. ನಾಳೆ "ತಪ್ಪಾಯಿತು" ಅಂತ ಬರೆದರೆ ಅದನ್ನು ಅಷ್ಟು ಜನ ಫಾರ್ವರ್ಡ್ ಮಾಡುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಬೆಳಗಾವಿಯವರು ಮಾಡಿದ್ದು ಸರಿ ಅಂತ ಅಲ್ಲ. "ನನಗೆ ಬಂದ ಹಾಗೇ ಕೊಟ್ಟೇನಿ" ಅನ್ನುವ ಮಾತು ಸಾಲದು. ಅವರು "ಹಳೆ ರೂಪಾಯಿ, ಇದ್ದ ಹಾಗೆ" ಅಂತ ಮಾರಲಿಲ್ಲ, "1939, ಒರಿಜಿನಲ್" ಅಂತ ಬರೆದು ಮಾರಿದರು. ನೀವು ದುಡ್ಡು ಕೊಟ್ಟದ್ದೇ ಆ ನಾಲ್ಕು ಅಂಕೆಗೆ. ಎರಡು ತಿಂಗಳಾಯಿತು ಅನ್ನುವುದೂ ನಿಲ್ಲುವ ಮಾತಲ್ಲ. ಅಂಕೆ ತಿದ್ದಿದ್ದು ಹಾಲು ಒಡೆದ ಹಾಗೆ ನಿಮ್ಮ ಮನೆಯಲ್ಲಿ ಆದದ್ದಲ್ಲವಲ್ಲ. ಬರುವಾಗಲೇ ಹಾಗಿತ್ತು. ನಾಣ್ಯ ತಿದ್ದಿದ್ದು ಅಂತ ಖಚಿತವಾದರೆ ದುಡ್ಡು ವಾಪಸ್ ಕೊಡುವುದು ಅವರ ಕರ್ತವ್ಯ. ಅವರಿಗೆ ಮೊದಲೇ ಗೊತ್ತಿರಲಿಲ್ಲ ಅಂದರೂ ಸರಿ. ಅವರು ತಮಗೆ ಮಾರಿದವರನ್ನು ಕೇಳಿಕೊಳ್ಳಲಿ.

ಕಾನೂನಿನ ದಾರಿಯೂ ಹೀಗೇ ಇದೆ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಂ ಪ್ರಕಾರ ವಿವರ ಹೇಳಿ ಮಾರಿದ ವಸ್ತು ಆ ವಿವರಕ್ಕೆ ತಕ್ಕಂತೆ ಇರಲೇಬೇಕು. ಮಾರಿದವರ ಮನಸ್ಸಿನಲ್ಲಿ ಮೋಸ ಇತ್ತೇ ಅನ್ನುವ ಪ್ರಶ್ನೆ ಅಲ್ಲಿ ಬರುವುದಿಲ್ಲ. ಅಂದರೆ ದುಡ್ಡು ಕೇಳಲು ಅವರು ಕಳ್ಳರು ಅಂತ ನೀವು ಸಾಬೀತು ಮಾಡಬೇಕಿಲ್ಲ. ನಾಣ್ಯ 1939 ಅಲ್ಲ ಅಂತ ತೋರಿಸಿದರೆ ಸಾಕು. ಅದೇ ವಂಚನೆ ಅಂತ ದೂರು ಕೊಡಬೇಕಾದರೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ಶುರುವಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಅದು ಕಷ್ಟದ ಕೆಲಸ. ಮತ್ತೆ ನೀವು ಬರೆದಿಟ್ಟ ಮೆಸೇಜ್ ಇದೆಯಲ್ಲ, ಅದು ಅದೇ ಸಂಹಿತೆಯ 356ನೇ ಕಲಮಿಗೆ, ಮಾನಹಾನಿಗೆ, ನಿಮ್ಮನ್ನೇ ಒಯ್ದು ನಿಲ್ಲಿಸಬಹುದು. ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಇಲ್ಲವೇ ಸಮುದಾಯ ಸೇವೆ. ಅಲ್ಲಿ "ನಾನು ಹೇಳಿದ್ದು ನಿಜ" ಅಂದರಷ್ಟೇ ಸಾಲದು, ಹೇಳಿದ್ದು ನಾಲ್ಕು ಜನರ ಒಳಿತಿಗೆ ಅಂತಲೂ ಆಗಬೇಕು. "ಕಳ್ಳ" ಅನ್ನುವುದನ್ನು ನಿಜ ಅಂತ ತೋರಿಸಲು ನಿಮ್ಮ ಕೈಯಲ್ಲಿ ಸದ್ಯ ಏನೂ ಇಲ್ಲ. ದುಡ್ಡು ಸಿಗಬೇಕಾದ ನೀವು ವಕೀಲರಿಗೆ ದುಡ್ಡು ಕೊಡುವ ಹಾಗಾಗುವುದು ಬೇಡ.

ಹಾಗಾದರೆ ಏನು ಬರೆಯಬೇಕು? ಮೊದಲು ಅವರೊಬ್ಬರಿಗೇ ಬರೆಯಿರಿ. ಫೋನ್ ಬೇಡ. ಫೋನಿನಲ್ಲಿ ಸಿಟ್ಟು ಮೊದಲು ಮಾತಾಡುತ್ತದೆ, ಆಮೇಲೆ ಯಾರು ಏನಂದರು ಅಂತ ನೆನಪೂ ಇರುವುದಿಲ್ಲ. ಇನ್ನೊಬ್ಬ ಬಲ್ಲವರೂ ತಿದ್ದಿದ್ದೇ ಅಂದ ಮೇಲೆ, ಸುಮಾರು ಹೀಗೆ: "ನಮಸ್ಕಾರ ಕಾಕಾ. ಇಂಥ ದಿನ ನಿಮ್ಮಿಂದ 1939 ಅಂತ 34,000ಕ್ಕೆ ಕೊಂಡ ರೂಪಾಯಿಯ ಕೊನೆಯ 9 ತಿದ್ದಿದ ಹಾಗಿದೆ. ದೊಡ್ಡದು ಮಾಡಿ ತೆಗೆದ ಫೋಟೋ ಕಳಿಸಿದ್ದೇನೆ. ಇಬ್ಬರಿಗೆ ತೋರಿಸಿದೆ, ಇಬ್ಬರೂ ಅದೇ ಹೇಳಿದರು. ನಿಮಗೂ ಗೊತ್ತಿರಲಿಲ್ಲ ಅಂತ ತಿಳಿದಿದ್ದೇನೆ. ನೀವು ನಂಬುವ ಬೇರೆ ಯಾರಿಗಾದರೂ ತೋರಿಸೋಣ. ತಿದ್ದಿದ್ದು ಅಂತಾದರೆ ನಾಣ್ಯ ವಾಪಸ್ ತಗೊಂಡು ದುಡ್ಡು ಕೊಡಿ. ಹತ್ತು ದಿನದೊಳಗೆ ತಿಳಿಸಿ." ಇದರಲ್ಲಿ ಒಂದೂ ಬಿರುಸು ಮಾತಿಲ್ಲ, ಹಾಗಂತ ನಿಮ್ಮ ಒಂದು ಪೈಸೆಯನ್ನೂ ನೀವು ಬಿಟ್ಟುಕೊಟ್ಟಿಲ್ಲ. ಹಿರಿಯರಿಗೆ ಮಾನ ಉಳಿಸಿಕೊಂಡು ದುಡ್ಡು ಕೊಡುವ ಬಾಗಿಲು ತೆರೆದಿಟ್ಟಿದ್ದೀರಿ. ನಾನು ನೋಡಿದ ಜಗಳಗಳಲ್ಲಿ ಬಹಳಷ್ಟು ಇಂಥ ಬಾಗಿಲಲ್ಲೇ ಮುಗಿದಿವೆ. ನಾಣ್ಯವನ್ನು ಮಾತ್ರ ದುಡ್ಡಿಗೆ ಮೊದಲು ಕುರಿಯರ್ ಮಾಡಬೇಡಿ. ಇಬ್ಬರಿಗೂ ಬೇಕಾದ ಒಬ್ಬರ ಎದುರಿಗೆ, ಕೈಯಲ್ಲಿ ಕೈಗೆ ಮುಗಿಸಿ. ಬಾಗಲಕೋಟೆಯಿಂದ ಬೆಳಗಾವಿ ಒಂದೇ ದಿನದಲ್ಲಿ ಹೋಗಿಬರುವ ಹಾದಿ.

ಅವರ ಉತ್ತರದಲ್ಲಿ ಅವರ ಮನಸ್ಸೂ ತಿಳಿಯುತ್ತದೆ. "ಯಾರಿಂದ ತಗೊಂಡೆ ನೋಡ್ತೀನಿ, ಫೋಟೋ ಕಳಿಸು" ಅಂದರೆ ಒಂದು ರೀತಿ. ನಿಮ್ಮ ನಂಬರ್ ಬ್ಲಾಕ್ ಮಾಡಿ ಮರುವಾರ ಇನ್ನೊಂದು 1939 ಮಾರಾಟಕ್ಕೆ ಹಾಕಿದರೆ ಅದು ಬೇರೆಯೇ ರೀತಿ. ಆಗ ಸುಮ್ಮನಿರಬೇಡಿ. ನಮ್ಮ ಕಡೆ "ಹೋಗ್ಲಿ ಬಿಡ್ರಿ, ಯಾಕ ಬೇಕು" ಅಂತ ನುಂಗಿಕೊಳ್ಳುವ ಅಭ್ಯಾಸ ಇದೆ. ಅದರಿಂದ ಮುಂದಿನವರೊಬ್ಬರು ಇದೇ ಗುಂಡಿಗೆ ಬೀಳುತ್ತಾರೆ. ಗುಂಪಿನ ಅಡ್ಮಿನ್‌ಗೆ ಮೊದಲು ತಿಳಿಸಿ. ಆಮೇಲೆ ಗುಂಪಿಗೆ ಬರೆಯುವುದಾದರೆ ನಡೆದದ್ದನ್ನು ಮಾತ್ರ ಬರೆಯಿರಿ: ಯಾವ ದಿನ ಕೊಂಡಿರಿ, ಅವರು ಏನಂತ ಬರೆದಿದ್ದರು, ನಾಣ್ಯದಲ್ಲಿ ಏನು ಕಂಡಿತು, ವಾಪಸ್ ಕೇಳಿದ್ದಕ್ಕೆ ಏನು ಉತ್ತರ ಬಂತು. ಫೋಟೋ ಹಾಕಿ. ನಾಣ್ಯದ ಫೋಟೋ, ಅವರ ಮುಖದ್ದಲ್ಲ. ನಂಬರ್ ಹಾಕಬೇಡಿ. ಕಳ್ಳ, ಮೋಸಗಾರ ಅನ್ನುವ ಮಾತು ಬೇಡವೇ ಬೇಡ. ಓದಿದವರು ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಅವರು ಇದನ್ನೇ ವ್ಯಾಪಾರವಾಗಿ ಮಾಡುವವರಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದುಡ್ಡು ಹಾಕಿಸಿಕೊಂಡು ನಾಣ್ಯವನ್ನೇ ಕಳಿಸದೆ ಮಾಯವಾಗುವವರ ವಿಷಯ ಬೇರೆ. ಅಲ್ಲಿ ಇಷ್ಟೆಲ್ಲ ಯೋಚನೆ ಬೇಡ, ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಹಳೆ ನೋಟು ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್, ತೆರಿಗೆ ಕಟ್ಟಿ ಅನ್ನುವವರೂ ಅದೇ ಜಾತಿ. ಬ್ಯಾಂಕ್ ತಾನು ಇಂಥ ವ್ಯವಹಾರ ಮಾಡುವುದಿಲ್ಲ ಅಂತ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ.

ಇನ್ನೊಂದು ಮಾತು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವರು ದುಡ್ಡು ಕೊಡದೇ ಹೋದರೆ ಈ ನಾಣ್ಯ ನಿಮ್ಮ ಹತ್ತಿರವೇ ಉಳಿಯುತ್ತದೆ. ಇಳಕಲ್ಲಿನವರೋ ರಬಕವಿಯವರೋ ಒಬ್ಬರು "1939 ಇದೆಯಾ?" ಅಂತ ಕೇಳುತ್ತಾರೆ. ನಿಮಗೆ ಮಗಳ ಫೀ ನೆನಪಾಗುತ್ತದೆ. ಹೋದ ತಿಂಗಳು ನೀವು ಒಯ್ದಾಗ ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತು. ಬೆಳಗಾವಿಯವರ ಬಗ್ಗೆ ನಮಗಿರುವುದು ಬರೀ ಸಂಶಯ, ಆದರೆ ಆ ದಿನ ನೀವು ಸುಮ್ಮನಿದ್ದು ಮಾರಿದರೆ ನಿಮ್ಮ ಬಗ್ಗೆ ಸಂಶಯಕ್ಕೆ ಜಾಗವೇ ಇರುವುದಿಲ್ಲ. ಆದ್ದರಿಂದ ಪರೀಕ್ಷೆ ಮುಗಿದು ಖಚಿತವಾದ ದಿನವೇ ನಾಣ್ಯದ ರಟ್ಟಿನ ಹೋಲ್ಡರ್ ಮೇಲೆ ಪೆನ್ನಿನಲ್ಲಿ "1938, ವರ್ಷ ತಿದ್ದಿದ್ದು" ಅಂತ ಬರೆಯಿರಿ. ಹಾಗೆ ಬರೆದೇ ಮಾರುವುದಾದರೆ ಮಾರಿ, ತಿದ್ದಿದ ಮಾದರಿ ಅಂತ ಕಲಿಯಲು ಕೊಳ್ಳುವವರೂ ಇದ್ದಾರೆ. ನನ್ನ ಮೇಜಿನ ಖಾನೆಯಲ್ಲೇ ಅಂಥ ಎರಡು ಇವೆ, ಹೊಸಬರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

ನೀವು ಮುಂದೆ ಮಾರುವ ಎಲ್ಲದಕ್ಕೂ ಇದೇ ರೂಢಿ ಮಾಡಿಕೊಳ್ಳಿ. ವಿಕ್ಟೋರಿಯಾ ರೂಪಾಯಿ ಸರದಿಂದ ಬಿಚ್ಚಿದ್ದಾದರೆ ಅಂಚಿನಲ್ಲಿ ಕೊಂಡಿ ಬೆಸೆದ ಗುರುತು ಇರುತ್ತದೆ. ಅದನ್ನು ಬೆರಳಲ್ಲಿ ಮುಚ್ಚಿ ಫೋಟೋ ತೆಗೆಯಬೇಡಿ, ಅದರದೇ ಒಂದು ಫೋಟೋ ಹಾಕಿ. ತೊಳೆದಿದ್ದರೆ ತೊಳೆದಿದ್ದೇನೆ ಅನ್ನಿ. ನಿಮಗೆ ಗೊತ್ತಿಲ್ಲದ್ದನ್ನು "ನನಗೆ ಗೊತ್ತಿಲ್ಲ, ನೋಡಿ ತಗೊಳ್ಳಿ, ತಪ್ಪಿದ್ದರೆ ವಾಪಸ್ ತರ್ರಿ" ಅಂತ ಬರೆಯಿರಿ. ಬೆಲೆ ಸ್ವಲ್ಪ ಕಡಿಮೆ ಬರುತ್ತದೆ. ಕೊಂಡವರು ಎರಡನೇ ಸಲ ನಿಮ್ಮ ಹತ್ತಿರವೇ ಬರುತ್ತಾರೆ.

ನಾಳೆ ಬೆಳಿಗ್ಗೆ ಬಿಸಿಲು ಓರೆಯಾಗಿ ಇರುವಾಗ, ಎರಡೂ 9 ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಫೋಟೋ ತೆಗೆಯಿರಿ. ಫ್ಲಾಶ್ ಹಾಕಬೇಡಿ, ಗೀರುಗಳು ಮುಚ್ಚಿಹೋಗುತ್ತವೆ. ಬೆಳಗಾವಿಯ ಕಾಕಾರಿಗೆ ಕಳಿಸುವಾಗ ನನಗೂ ಒಂದು ಕಳಿಸಿ. ನನಗೆ ಕಂಡದ್ದನ್ನು ನಿಮಗೆ ಹೇಳುತ್ತೇನೆ, ಅವರು ಕೇಳಿದರೆ ಅವರಿಗೂ ಅದನ್ನೇ ಹೇಳುತ್ತೇನೆ.